ಹಳೆಯ ನಮೂನೆಯಿಂದ ಹೊಸ ಗೊಂಡೆ

ಅಜ್ಜಿಯ ಟ್ರಂಕಿನ ತಳದಲ್ಲಿ ಹಳೆಯ ಕ್ರೋಷಾ ಪುಸ್ತಕವೊಂದು ಸಿಕ್ಕಿದರೆ ಮನೆಯ ಹೆಣ್ಣುಮಕ್ಕಳಿಗೆ ಆಗುವ ಸಂತೋಷ ಅಷ್ಟಿಷ್ಟಲ್ಲ. ಹಾಳೆ ಹಳದಿಯಾಗಿದ್ದರೇನು, ಗೊಂಡೆಯ ಚಿತ್ರ ಇನ್ನೂ ಚೆನ್ನಾಗಿಯೇ ಇರುತ್ತದೆ. ಪರದೆಯ ದಾರಕ್ಕೋ ದಿಂಬಿನ ಮೂಲೆಗೋ ಬೀರುವಿನ ಬೀಗದ ಕೈಗೋ ಅಂಥದೊಂದನ್ನು ಕಟ್ಟೋಣವೆಂದು ಕಡ್ಡಿ ಹಿಡಿದು ಕುಳಿತುಬಿಡುತ್ತೇವೆ.

ನಾನೂ ಹಾಗೆಯೇ ಕುಳಿತೆ. ಮರದ ಮಣಿಯೊಂದಕ್ಕೆ ಬಿಗಿಯಾಗಿ ಹೊದಿಕೆ ಹೆಣೆದು ಕೆಳಗೆ ಕುಚ್ಚು ಇಳಿಬಿಡುವ ನಮೂನೆ ಅದು. ಅರ್ಧ ದಿನದ ಕೆಲಸ ಮುಗಿದಾಗ ಹೊದಿಕೆ ಜಾಳುಜಾಳಾಗಿ ಬುಟ್ಟಿಯಂತಾಗಿತ್ತು. ಮಣಿ ಅದರೊಳಗಿಂದ ಜಾರಿ ನೆಲಕ್ಕೆ ಉರುಳಿತು. ಬಿಚ್ಚಿ ಮತ್ತೆ ಹೆಣೆದೆ, ಫಲ ಅದೇ. ಎಣಿಕೆ ತಪ್ಪಿರಲಿಲ್ಲ. ತಪ್ಪಿದ್ದು ಒಂದೇ ಒಂದು ಪದದ ಅರ್ಥ.

ಆ ಪದ ‘ಡಬಲ್ ಕ್ರೋಷೆ’. ಬ್ರಿಟನ್ನಿನಲ್ಲಿ ಕ್ರೋಷಾ ನಮೂನೆಗಳ ಪುಸ್ತಕಗಳು 1840ರ ದಶಕದಲ್ಲಿಯೇ ಅಚ್ಚಾಗತೊಡಗಿದವು. 1845ರಿಂದ 1849ರವರೆಗಿನ ಘೋರ ಕ್ಷಾಮದಲ್ಲಿ ಐರ್ಲೆಂಡಿನ ಎಷ್ಟೋ ಸಂಸಾರಗಳಿಗೆ ಈ ಹೆಣಿಗೆಯೇ ಅನ್ನ ಕೊಟ್ಟಿತು. ಕಲೆ ಸಮುದ್ರ ದಾಟಿ ಅಮೆರಿಕದಲ್ಲೂ ಬೆಳೆಯಿತು. ಹೆಣಿಗೆಗಳ ಹೆಸರು ಮಾತ್ರ ಎರಡು ದೇಶಗಳಲ್ಲಿ ಎರಡು ಬಗೆಯಾಗಿ ನಿಂತಿತು. ಬ್ರಿಟಿಷರು ‘ಡಬಲ್’ ಎನ್ನುವುದನ್ನು ಅಮೆರಿಕದವರು ‘ಸಿಂಗಲ್’ ಎನ್ನುತ್ತಾರೆ. ಅಮೆರಿಕದ ‘ಡಬಲ್’ ಬ್ರಿಟಿಷರಿಗೆ ‘ಟ್ರೆಬಲ್’. ನಾನು ಕಲಿತದ್ದು ಅಮೆರಿಕದ ರೀತಿ. ಕೈಯಲ್ಲಿದ್ದದ್ದು ಲಂಡನ್ನಿನಲ್ಲಿ ಅಚ್ಚಾದ ಪುಸ್ತಕ.

ಆದ್ದರಿಂದ ಹೆಸರನ್ನು ಮರೆತು ಕೈಯ ಕೆಲಸವನ್ನೇ ನೆನಪಿಡುವುದು ಕ್ಷೇಮ. ಕಡ್ಡಿಯನ್ನು ತೂರಿಸಿ ದಾರವನ್ನು ಎಳೆದರೆ ಕಡ್ಡಿಯ ಮೇಲೆ ಎರಡು ಕುಣಿಕೆ ನಿಲ್ಲುತ್ತವೆ. ದಾರ ಸುತ್ತಿ ಎರಡರೊಳಗಿಂದಲೂ ಒಮ್ಮೆಗೇ ಎಳೆದರೆ ಮುಗಿಯಿತು. ಇದನ್ನು ಗಿಡ್ಡ ಹೆಣಿಗೆ ಎನ್ನೋಣ. ತೂರಿಸುವ ಮೊದಲೇ ದಾರವನ್ನು ಒಂದು ಸಲ ಕಡ್ಡಿಗೆ ಸುತ್ತಿಕೊಂಡರೆ ಮೂರು ಕುಣಿಕೆಗಳಾಗುತ್ತವೆ. ಎರಡೆರಡಾಗಿ ಎರಡು ಸಲ ಎಳೆಯಬೇಕು. ಇದು ಉದ್ದ ಹೆಣಿಗೆ. ಬ್ರಿಟಿಷ್ ‘ಡಬಲ್’ ಗಿಡ್ಡದ್ದು, ಅಮೆರಿಕದ ‘ಡಬಲ್’ ಉದ್ದದ್ದು.

ಪುಸ್ತಕ ಯಾವ ದೇಶದ್ದೆಂದು ತಿಳಿಯುವುದು ಹೇಗೆ? ಮೊದಲು ಅಚ್ಚಾದ ಊರನ್ನು ನೋಡಿ. ಆ ಹಾಳೆ ಹರಿದುಹೋಗಿದ್ದರೆ ಮಾತಿನಲ್ಲಿ ಸುಳಿವುಂಟು: ಒಂದು ಹೆಣಿಗೆಯನ್ನು ಬಿಟ್ಟು ಮುಂದೆ ಹೋಗಲು ಬ್ರಿಟಿಷರು ‘ಮಿಸ್’ ಎಂದು, ಅಮೆರಿಕದವರು ‘ಸ್ಕಿಪ್’ ಎಂದು ಬರೆಯುವುದೇ ವಾಡಿಕೆ. ‘ಸಿಂಗಲ್’ ಎಂಬ ಮಾತು ಕಂಡ ಮಾತ್ರಕ್ಕೆ ಅಮೆರಿಕದ್ದೆಂದು ತೀರ್ಮಾನಿಸಬೇಡಿ; ಹಳೆಯ ಬ್ರಿಟಿಷ್ ಪುಸ್ತಕಗಳಲ್ಲಿ ಸ್ಲಿಪ್ ಸ್ಟಿಚ್ಚಿಗೂ ಆ ಹೆಸರುಂಟು. ಕೊನೆಗೆ ಚಿತ್ರವನ್ನು ನೋಡಿ. ಮಣಿಯ ಮೇಲಿನ ಹೆಣಿಗೆ ಒತ್ತಾಗಿದ್ದರೆ ಅದು ಗಿಡ್ಡದ್ದೇ ಸರಿ.

ಈಗ ಗೊಂಡೆಗೆ ಬರೋಣ. ಎರಡು ಸೆಂಟಿಮೀಟರ್ ದಪ್ಪದ ತೂತಿನ ಮರದ ಮಣಿ, 10ನೆಯ ನಂಬರಿನ ಹತ್ತಿ ದಾರ, 1.5 ಮಿಲಿಮೀಟರ್ ಕಡ್ಡಿ, ಇಷ್ಟು ಸಾಕು. ದಾರದ ನಂಬರು ಹೆಚ್ಚಿದಷ್ಟೂ ದಾರ ತೆಳುವೆಂಬುದು ನೆನಪಿರಲಿ.

ನಾಲ್ಕು ಚೈನು ಹಾಕಿ ಉಂಗುರ ಕೂಡಿಸಿ, ಅದರೊಳಗೆ 6 ಗಿಡ್ಡ ಹೆಣಿಗೆ ಹಾಕಿ. ಎರಡನೆಯ ಸುತ್ತಿನಲ್ಲಿ ಒಂದೊಂದರಲ್ಲೂ ಎರಡೆರಡು ಹಾಕಿದರೆ 12. ಮೂರನೆಯದರಲ್ಲಿ ಒಂದನ್ನು ಬಿಟ್ಟು ಒಂದರಲ್ಲಿ ಎರಡು ಹಾಕಿ, 18. ನಾಲ್ಕನೆಯದರಲ್ಲಿ ಪ್ರತಿ ಮೂರನೆಯದರಲ್ಲಿ ಎರಡು ಹಾಕಿ, 24. ಮುಂದೆ ಹೆಚ್ಚಿಸದೆ ನಾಲ್ಕೈದು ಸುತ್ತು ಹೆಣೆದು, ಮಣಿಯ ತೂತು ಉಂಗುರಕ್ಕೆ ನೇರವಾಗುವಂತೆ ಒಳಗಿಡಿ. ಬಳಿಕ ಎರಡು ಹೆಣಿಗೆ ಸಾದಾ, ಮುಂದಿನ ಎರಡನ್ನು ಕೂಡಿಸಿ ಒಂದು, ಹೀಗೆ ಸುತ್ತಿದರೆ 18. ಮುಂದಿನ ಸುತ್ತಿನಲ್ಲಿ ಒಂದು ಸಾದಾ, ಎರಡು ಕೂಡಿಸಿ ಒಂದು, 12 ಉಳಿಯುತ್ತವೆ. ಹೊದಿಕೆ ಸಡಿಲವೆನಿಸಿದರೆ ಇನ್ನೂ ಸಣ್ಣ ಕಡ್ಡಿ ಹಿಡಿಯಿರಿ, ಎಣಿಕೆಯನ್ನು ಮುಟ್ಟಬೇಡಿ.

ಇನ್ನು ಕುಚ್ಚು. ದಾರ ಕತ್ತರಿಸದೆ 31 ಚೈನು ಹಾಕಿ. ಕಡ್ಡಿಯಿಂದ ಎರಡನೆಯ ಚೈನಿನಲ್ಲಿ ಆರಂಭಿಸಿ ಒಂದೊಂದರಲ್ಲೂ ಎರಡೆರಡು ಗಿಡ್ಡ ಹೆಣಿಗೆ ಹಾಕುತ್ತ ಹಿಂದಿರುಗಿ. ಒಂದರ ಜಾಗದಲ್ಲಿ ಎರಡು ಕೂಡುವುದರಿಂದ ಎಳೆ ತಾನಾಗಿಯೇ ಸುರುಳಿ ಸುತ್ತಿಕೊಳ್ಳುತ್ತದೆ. ಹೊದಿಕೆಯ ಮುಂದಿನ ಹೆಣಿಗೆಗೆ ಸ್ಲಿಪ್ ಸ್ಟಿಚ್ಚಿನಿಂದ ಸೇರಿಸಿ, ಮತ್ತೆ 31 ಚೈನು. ಹೀಗೆ 12 ಸುರುಳಿಗಳಾಗಬೇಕು. ಕೊನೆಗೆ ಚೈನಿನ ಉದ್ದನೆಯ ಎಳೆಯೊಂದನ್ನು ಜೋಡಿಮಡಿಸಿ ಮಣಿಯ ತೂತಿನೊಳಗಿಂದ ತೂರಿಸಿ, ಕೆಳಗೆ ದಪ್ಪ ಗಂಟು ಹಾಕಿ. ಭಾರವನ್ನು ಮಣಿ ಹೊರುತ್ತದೆ, ಗಂಟನ್ನು ಕುಚ್ಚು ಮರೆಸುತ್ತದೆ.

ಸೀರೆಯ ಸೆರಗಿಗೆ ಕ್ರೋಷಾ ಕುಚ್ಚು ಹಾಕುವ ಕುಶಲಿಗಳು ನಮ್ಮ ಊರುಗಳಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಅವರಿಗೆ ಈ ಸುರುಳಿ ಕಷ್ಟವಲ್ಲ. ಸೆರಗಿಗಾದರೆ ಮರದ ಮಣಿ ಬೇಡ. ತೆಳುವಾದ ರೇಷ್ಮೆ ಆ ಭಾರಕ್ಕೆ ಜಗ್ಗೀತು. ಬಣ್ಣದ ದಾರವನ್ನು ಬಳಸುವ ಮುನ್ನ ಒಂದು ತುಂಡನ್ನು ನೀರಿನಲ್ಲಿ ನೆನೆಸಿ, ಬಿಳಿಯ ಬಟ್ಟೆಯ ಮೇಲೆ ಒತ್ತಿ ನೋಡುವುದೂ ಒಳ್ಳೆಯದು.

ಹಳೆಯ ಪುಸ್ತಕಗಳು ಅನೇಕ ಸಂಗತಿಗಳನ್ನು ವಿವರಿಸದೆಯೇ ಬಿಟ್ಟಿವೆ. ಓದುವವಳಿಗೆ ಹೆಣಿಗೆಯ ಹೆಸರು ಗೊತ್ತೇ ಇರುತ್ತದೆಂಬುದು ಬರೆದವರ ನಂಬಿಕೆ. ನಮ್ಮ ಅಜ್ಜಿಯರಿಗೆ ಆ ಗುಟ್ಟು ತಿಳಿದಿತ್ತು. ಪುಸ್ತಕ ನಮ್ಮ ಕೈಗೆ ಬಂದಿತು, ಗುಟ್ಟು ಬರಲಿಲ್ಲ. ನನ್ನ ಪುಸ್ತಕದ ಆ ಪುಟದ ಅಂಚಿನಲ್ಲಿ ಈಗ ಪೆನ್ಸಿಲಿನಿಂದ ಹೀಗೆ ಬರೆದಿಟ್ಟಿದ್ದೇನೆ: ‘ಇಲ್ಲಿ ಡಬಲ್ ಎಂದರೆ ಗಿಡ್ಡದ್ದು.’ ನೀವೂ ನಿಮ್ಮ ಪುಸ್ತಕದಲ್ಲಿ ಬರೆದಿಡಿ. ಮುಂದೆ ಆ ಟ್ರಂಕನ್ನು ತೆರೆಯುವ ಮೊಮ್ಮಗಳ ಮಣಿ ನೆಲಕ್ಕೆ ಉರುಳದಿರಲಿ.