ನಿವೇಶನದಲ್ಲಿ ಬಯಲು ಜಾಗ ಏಕೆ ಬೇಕು?



ಒತ್ತೊತ್ತಾಗಿ ಬಿತ್ತಿದ ಪೈರು ಗಾಳಿ ಬೆಳಕು ಸಾಲದೆ ಸೊರಗುವುದನ್ನು ತಾವೆಲ್ಲ ಬಲ್ಲಿರಿ. ಮನೆಗಳ ವಿಷಯವೂ ಹಾಗೆಯೇ. ಆದುದರಿಂದಲೇ ಪಟ್ಟಣಗಳಲ್ಲಿ ನಿವೇಶನದ ಇಷ್ಟು ಭಾಗದಲ್ಲಿ ಮಾತ್ರ ಕಟ್ಟಡವಿರಬೇಕು, ಉಳಿದುದು ಬಯಲಾಗಿರಬೇಕು ಎಂಬ ನಿಯಮವಿರುತ್ತದೆ. ಹಲವು ಸಂಸಾರಗಳು ವಾಸಿಸುವ ವಠಾರಗಳಿಗೆ ಇದು ಬಹು ಮುಖ್ಯ.

ಅಮೆರಿಕದ ನ್ಯೂಯಾರ್ಕ್ ನಗರದ ಅನುಭವ ನೋಡಿ. ಅಲ್ಲಿ ನಿವೇಶನಗಳು ಸಾಮಾನ್ಯವಾಗಿ 25 ಅಡಿ ಅಗಲ, 100 ಅಡಿ ಉದ್ದ. ಬಾಡಿಗೆಯ ಆಸೆಗೆ ಮಾಲೀಕರು ನಿವೇಶನದ ಬಹುಭಾಗವನ್ನು ಕಟ್ಟಡದಿಂದಲೇ ತುಂಬಿದರು. ನಡುವಿನ ಕೋಣೆಗಳು ಕತ್ತಲಾದವು. 1879ರ ಕಾನೂನಿನ ಬಳಿಕ ಕಟ್ಟಡಗಳ ನಡುವೆ ಬಾವಿಯಂತೆ ಕಿರಿದಾದ ಸಂದು ಬಿಟ್ಟರು. ಅದರಲ್ಲಿ ಕಸ ಬಿದ್ದು ನಾರಿತು. ಬೆಂಕಿ ಬಿದ್ದಾಗ ಅದೇ ಹೊಗೆಗೂಡಿನಂತೆ ಉರಿಯನ್ನು ಮೇಲಕ್ಕೆಳೆಯಿತು. ಕ್ಷಯರೋಗವೂ ಅಂಥ ಮನೆಗಳಲ್ಲಿ ಬೇರೂರಿತು.

1901ರಲ್ಲಿ ಮೂರು ಅಥವಾ ಹೆಚ್ಚು ಸಂಸಾರಗಳ ಹೊಸ ಕಟ್ಟಡಗಳಿಗೆ ಬೇರೆ ಕಾನೂನು ಬಂತು. ಸಾಲಿನ ನಡುವಿನ ನಿವೇಶನದಲ್ಲಿ ನೂರಕ್ಕೆ 70 ಭಾಗ, ಎರಡು ಬೀದಿಯ ಬೆಳಕು ಸಿಗುವ ಮೂಲೆಯಲ್ಲಿ 90 ಭಾಗ ಮಾತ್ರ ಕಟ್ಟಬಹುದಿತ್ತು. ಅಂದರೆ ನಡುವಿನ 2,500 ಚದರ ಅಡಿಯಲ್ಲಿ 750 ಚದರ ಅಡಿ ಬಯಲು. ಪ್ರತಿ ಕೋಣೆಗೂ ಹೊರಗಾಳಿಯ ಕಿಟಕಿ ಬೇಕಿತ್ತು.

ಇದರ ಫಲವೇನು? 25 ಅಡಿ ಅಗಲದಲ್ಲಿ ಅಂಗಳ ಬಿಟ್ಟರೆ ವಠಾರ ಕಟ್ಟಿ ಲಾಭವಿಲ್ಲವೆಂದು ಕಂಡು, ಕಟ್ಟುವವರು ಅಕ್ಕಪಕ್ಕದ ನಿವೇಶನಗಳನ್ನು ಕೂಡಿಸಿ ದೊಡ್ಡ ಅಂಗಳವುಳ್ಳ ಅಗಲ ಕಟ್ಟಡಗಳನ್ನು ಕಟ್ಟತೊಡಗಿದರು. ನಿಯಮವು ಕಟ್ಟಡದ ಆಕಾರವನ್ನೇ ಬದಲಿಸಿತು. ಆದರೆ ಬಯಲು ಹೆಚ್ಚಿದಷ್ಟೂ ನೆಲದ ಬೆಲೆ ಬಾಡಿಗೆಯ ಮೇಲೆ ಬೀಳುತ್ತದೆ, ನಿಯಮವೂ ಹದವಾಗಿರಬೇಕು.

ಇದರಲ್ಲಿ ನಮಗೂ ಪಾಠವಿದೆ. ಅಣ್ಣತಮ್ಮಂದಿರಿಬ್ಬರು 30ಕ್ಕೆ 40 ಅಡಿಯ ಮನೆಜಾಗವನ್ನು ಉದ್ದುದ್ದ ಸೀಳಿದರೆ ಒಬ್ಬೊಬ್ಬರಿಗೆ 15 ಅಡಿ ಅಗಲ ಬರುತ್ತದೆ. ಎರಡೂ ಪಕ್ಕ ಮೂರು ಮೂರು ಅಡಿ ಬಿಟ್ಟರೆ ಗೋಡೆ ಸೇರಿ ಒಂಬತ್ತೇ ಅಡಿ ಉಳಿಯುತ್ತದೆ. ಬಿಡದಿದ್ದರೆ ನಡುಮನೆ ಕತ್ತಲು. ಸೀಳದೆ ಕೆಳಗೊಂದು, ಮೇಲೊಂದು ಮನೆ ಕಟ್ಟಿದರೆ ಅಷ್ಟೇ ಜಾಗ ಬಿಟ್ಟರೂ 24 ಅಡಿ ಅಗಲ ದೊರೆಯುತ್ತದೆ. ಇದಕ್ಕೆ ಮಹಡಿ ತಡೆಯುವ ಪಾಯ ಮೊದಲೇ ಹಾಕಿಸಬೇಕು. ಯಾರಿಗೆ ಯಾವ ಭಾಗವೆಂದು ಪತ್ರ ಮಾಡಿಕೊಳ್ಳಬೇಕು.

ದಾರ ಹಿಡಿದು ಜಾಗ ಹಂಚುವ ಮುನ್ನ ಕುಳಿತು ಮಾತನಾಡಿರಿ. ಗುದ್ದಲಿ ಹಾಕುವ ಮುನ್ನ ಗ್ರಾಮ ಪಂಚಾಯಿತಿಯಲ್ಲಿ ನಿಯಮ ಕೇಳಿ ಅನುಮತಿ ಪಡೆಯಿರಿ. ಒಮ್ಮೆ ಎದ್ದ ಗೋಡೆಯನ್ನು ಸರಿಸುವುದು ಸುಲಭವಲ್ಲ.