ಸಹಿಯಿಲ್ಲದ ತಂತ್ರಾಂಶ ಭಂಡಾರ: ಎಚ್ಚರಿಕೆ ಕಡೆಗಣಿಸುವ ಮುನ್ನ

ಲಿನಕ್ಸ್ ಬಳಕೆದಾರರಿಗೆ ಬೇಕಾದ ತಂತ್ರಾಂಶಗಳು ಆಯಾ ಲಿನಕ್ಸ್ ಆವೃತ್ತಿಯ ಅಧಿಕೃತ ಭಂಡಾರದಲ್ಲಿಯೇ, ಅಂದರೆ ರೆಪಾಸಿಟರಿಯಲ್ಲಿಯೇ, ದೊರೆಯುತ್ತವೆ. ಕನ್ನಡದ ‘ಗುಬ್ಬಿ’, ‘ನವಿಲು’ ಅಕ್ಷರಶೈಲಿಗಳೂ ಡೆಬಿಯನ್ ಭಂಡಾರದಲ್ಲಿವೆ. ಆದರೆ ಹೊರಗಿನ ಭಂಡಾರವೊಂದನ್ನು ಸೇರಿಸಿದಾಗ, ಅದಕ್ಕೆ ಸಹಿಯಿಲ್ಲವೆಂಬ ಎಚ್ಚರಿಕೆ ತೆರೆಯ ಮೇಲೆ ಮೂಡುವುದುಂಟು. ಆಗ ಮಾಡಬೇಕಾದುದೇನು?

ಮೊದಲು ಸಹಿಯ ಕೆಲಸವನ್ನು ತಿಳಿಯೋಣ. ಭಂಡಾರದ ಪ್ರತಿಯೊಂದು ಪ್ಯಾಕೇಜಿಗೂ ಬೆರಳಚ್ಚಿನಂತಹ ಒಂದು ಸಂಕೇತವಿರುತ್ತದೆ. ಡೆಬಿಯನ್, ಉಬುಂಟುಗಳಲ್ಲಿ ಈ ಸಂಕೇತಗಳ ಪಟ್ಟಿಯನ್ನು ‘ರಿಲೀಸ್’ ಎಂಬ ಕಡತದೊಡನೆ ಬೆಸೆದು, ಆ ಕಡತಕ್ಕೆ ನಿರ್ವಾಹಕರು ತಮ್ಮ ಗುಪ್ತ ಕೀಲಿಯಿಂದ ಸಹಿ ಹಾಕುತ್ತಾರೆ. ಬಳಕೆದಾರನ ಗಣಕವು ಸಾರ್ವಜನಿಕ ಕೀಲಿಯ ನೆರವಿನಿಂದ ಅದನ್ನು ಪರಿಶೀಲಿಸುತ್ತದೆ. 2007ರಲ್ಲಿ ಬಂದ ಡೆಬಿಯನ್ 4.0 ಆವೃತ್ತಿಯಿಂದ ಈ ವ್ಯವಸ್ಥೆ ಜಾರಿಯಲ್ಲಿದೆ. ನಡುದಾರಿಯಲ್ಲಿ ಯಾರಾದರೂ ಪ್ಯಾಕೇಜನ್ನು ತಿದ್ದಿದರೆ ತಕ್ಷಣ ಪತ್ತೆಯಾಗುತ್ತದೆ.

ಸಹಿಯಿಲ್ಲದಿದ್ದರೆ ಈ ಭರವಸೆಯೂ ಇಲ್ಲ. ಪ್ಯಾಕೇಜ್ ಅನುಸ್ಥಾಪನೆಯು ಸರ್ವಾಧಿಕಾರವುಳ್ಳ ‘ರೂಟ್’ ಬಳಕೆದಾರನ ಹೆಸರಿನಲ್ಲಿ ನಡೆಯುವುದರಿಂದ, ಕೆಟ್ಟ ಪ್ಯಾಕೇಜೊಂದು ಇಡೀ ಗಣಕವನ್ನೇ ವಶಪಡಿಸಿಕೊಳ್ಳಬಲ್ಲದು. ಆದ್ದರಿಂದ ‘ಟ್ರಸ್ಟೆಡ್=ಯೆಸ್’ ಅಥವಾ ಫೆಡೋರಾದಲ್ಲಿ ‘ಜಿಪಿಜಿಚೆಕ್=0’ ಎಂದು ಬರೆದು ತಪಾಸಣೆಯನ್ನೇ ನಿಲ್ಲಿಸುವುದು ಪರಿಹಾರವಲ್ಲ.

ಎಚ್ಚರಿಕೆಯನ್ನು ಗಮನವಿಟ್ಟು ಓದಿರಿ. ಸಾರ್ವಜನಿಕ ಕೀಲಿ ಸಿಗಲಿಲ್ಲವೆಂದಿದ್ದರೆ ಸಹಿ ಇದೆ, ಕೀಲಿ ಮಾತ್ರ ನಿಮ್ಮಲ್ಲಿಲ್ಲ ಎಂದರ್ಥ. ಆ ಯೋಜನೆಯ ಅಧಿಕೃತ ತಾಣದಿಂದ ಕೀಲಿಯನ್ನು ಪಡೆದು, ‘ಸೈನ್ಡ್-ಬೈ’ ಸೂಚನೆಯ ಮೂಲಕ ಅದನ್ನು ಆ ಒಂದು ಭಂಡಾರಕ್ಕಷ್ಟೇ ಅನ್ವಯಿಸಿರಿ. ಸಹಿಯೇ ಇಲ್ಲದಿದ್ದರೆ ಅದೇ ತಂತ್ರಾಂಶವು ಅಧಿಕೃತ ಭಂಡಾರದಲ್ಲಿದೆಯೇ ಎಂದು ಹುಡುಕಿರಿ.

ಶಾಲೆ, ಕಚೇರಿಗಳಲ್ಲಿ ಅಧಿಕೃತ ಭಂಡಾರದ ಯಥಾಪ್ರತಿಯನ್ನು ಇಟ್ಟುಕೊಂಡರೆ ಮೂಲ ಸಹಿಯೂ ಜೊತೆಗೇ ಬರುತ್ತದೆ. ತಾವೇ ಸಿದ್ಧಪಡಿಸಿದ ಭಂಡಾರಕ್ಕೆ ಜಿಪಿಜಿ ತಂತ್ರಾಂಶದಿಂದ ಸ್ವಂತ ಸಹಿ ಹಾಕಬಹುದು.

ಹಾಗೆಂದು ಸಹಿಯಿದ್ದ ಮಾತ್ರಕ್ಕೆ ಎಲ್ಲವೂ ಸುರಕ್ಷಿತವಲ್ಲ. 2008ರಲ್ಲಿ ರೆಡ್ ಹ್ಯಾಟ್ ಸಂಸ್ಥೆಯ ಗಣಕಗಳಿಗೆ ನುಗ್ಗಿದ ವ್ಯಕ್ತಿಯೊಬ್ಬ ಕೆಲವು ಓಪನ್‌ಎಸ್‌ಎಸ್‌ಎಚ್ ಪ್ಯಾಕೇಜುಗಳಿಗೆ ಸಂಸ್ಥೆಯ ಸಹಿಯನ್ನೇ ಹಾಕಿಸಿಕೊಂಡಿದ್ದ. 2024ರಲ್ಲಿ ‘ಎಕ್ಸ್‌ಜೆಡ್’ ತಂತ್ರಾಂಶದೊಳಗೆ ಅದರ ನಿರ್ವಾಹಕರಲ್ಲೊಬ್ಬನೇ ಹಿಂಬಾಗಿಲನ್ನು ಸೇರಿಸಿದ್ದು ಬೆಳಕಿಗೆ ಬಂತು. ಪ್ಯಾಕೇಜ್ ಯಾರಿಂದ ಬಂತೆಂಬುದನ್ನು ಸಹಿ ತಿಳಿಸುತ್ತದೆ. ಅವರು ನಂಬಿಕೆಗೆ ಅರ್ಹರೇ ಎಂಬುದನ್ನು ಬಳಕೆದಾರನೇ ನಿರ್ಧರಿಸಬೇಕು.