ಕಾಳು ಒಣಗಿಸುವ ಉರುವಲಿನ ಮೇಲೆ ತೆರಿಗೆ: ಸಸ್ಕಾಚೆವಾನ್ ಪ್ರಾಂತದ ಅನುಭವ

ಭಾರತಕ್ಕೆ ಮಸೂರು ಬೇಳೆಯನ್ನು ಕಳುಹಿಸುವ ದೇಶಗಳಲ್ಲಿ ಕೆನಡಾ ಮುಖ್ಯವಾದುದು. ಅಲ್ಲಿಯ ಮಸೂರಿನ ಬಹುಭಾಗವನ್ನು ಬೆಳೆಯುವುದು ಸಸ್ಕಾಚೆವಾನ್ ಎಂಬ ಬಯಲುಸೀಮೆಯ ಪ್ರಾಂತವು. ಗೋಧಿ, ಸಾಸಿವೆಯ ಕುಲಕ್ಕೆ ಸೇರಿದ ಕನೋಲಾ ಎಂಬ ಎಣ್ಣೆಬೀಜ, ಪೊಟ್ಯಾಷ್, ಕಲ್ಲೆಣ್ಣೆ ಇವುಗಳನ್ನು ಹೊರದೇಶಗಳಿಗೆ ಮಾರಿಯೇ ಆ ಪ್ರಾಂತವು ಜೀವಿಸುವುದು. ಇಂತಹ ಸೀಮೆಯಲ್ಲಿ ಕೇಂದ್ರ ಸರ್ಕಾರದವರ ಇಂಧನ ತೆರಿಗೆಯು ಹೇಗೆ ಪರಿಣಮಿಸಿತೆಂಬುದು ವ್ಯವಸಾಯಗಾರರು ತಿಳಿಯತಕ್ಕ ವಿಷಯವಾಗಿದೆ.

ಇಂಗಾಲದ ಹೊಗೆಯನ್ನು ತಗ್ಗಿಸುವ ಸಲುವಾಗಿ 2018ರಲ್ಲಿ ಮಾಡಲ್ಪಟ್ಟ ಕಾನೂನಿನ ಮೇರೆಗೆ, 2019ರ ಏಪ್ರಿಲಿನಿಂದ ಈ ಪ್ರಾಂತದಲ್ಲಿ ತೆರಿಗೆಯ ವಸೂಲಿ ಆರಂಭವಾಯಿತು. ಟನ್ನೊಂದಕ್ಕೆ 20 ಡಾಲರಿದ್ದ ದರವು 2024ರಲ್ಲಿ 80 ಡಾಲರಿಗೆ ಏರಿತು. ಹೊಲದ ಯಂತ್ರಗಳ ಡೀಸೆಲ್, ಪೆಟ್ರೋಲುಗಳಿಗೆ ವಿನಾಯಿತಿ ದೊರೆಯಿತು. ಕಾಳು ಒಣಗಿಸುವ ನೈಸರ್ಗಿಕ ಅನಿಲಕ್ಕೂ ಪ್ರೊಪೇನಿಗೂ ದೊರೆಯಲಿಲ್ಲ.

ನಮ್ಮಲ್ಲಿ ಕಣದ ಮೇಲೆ ಹರಡಿದರೆ ಬಿಸಿಲೇ ಕಾಳನ್ನು ಒಣಗಿಸುವುದು. ಅಲ್ಲಿ ಸುಗ್ಗಿಯ ಬೆನ್ನಿಗೇ ಹಿಮಕಾಲ ಬರುವುದು. ತೇವವು ಗೋಧಿಯಲ್ಲಿ ನೂರಕ್ಕೆ 14.5ನ್ನೂ ಕನೋಲಾದಲ್ಲಿ 10ನ್ನೂ ಮೀರಿದರೆ ಅದು ಒಣಕಾಳೆನಿಸದು. ಕಣಜದಲ್ಲಿ ತುಂಬಿಟ್ಟರೆ ಬಿಸಿಯೇರಿ ಬೂಷ್ಟು ಹಿಡಿಯುವುದು. ತೆರಿಗೆ ಆರಂಭವಾದ ವರ್ಷದಲ್ಲಿಯೇ ಮಳೆಯೂ ಹಿಮವೂ ಸುಗ್ಗಿಯನ್ನು ತಡೆದವು. ಹಸಿ ಫಸಲನ್ನು ಯಂತ್ರದಲ್ಲಿ ಒಣಗಿಸದೆ ಗತ್ಯಂತರವಿರಲಿಲ್ಲ. ತೆತ್ತ ತೆರಿಗೆಯನ್ನು ವರ್ತಕನು ಗಿರಾಕಿಯ ಮೇಲೆ ಹೊರಿಸಬಹುದು. ಗೋಧಿಗೆ ಬೆಲೆ ಕಟ್ಟುವುದು ಪ್ರಪಂಚದ ಪೇಟೆಯಾದುದರಿಂದ ರೈತನಿಗೆ ಆ ದಾರಿಯೂ ಇಲ್ಲ.

ಬಂದ ಹಣದ ಬಹುಪಾಲನ್ನು ಸರ್ಕಾರದವರು ಕುಟುಂಬಗಳಿಗೆ ಹಿಂದಿರುಗಿಸುತ್ತಿದ್ದರೆಂಬುದನ್ನು ಇಲ್ಲಿ ಹೇಳಲೇಬೇಕು. 2021ರ ಸಾಲಿನಿಂದ ರೈತರಿಗೂ ಪ್ರತ್ಯೇಕ ಪರಿಹಾರ ಏರ್ಪಟ್ಟಿತು. ಆದರೆ ಅದನ್ನು ಲೆಕ್ಕ ಹಾಕುತ್ತಿದ್ದುದು ಒಟ್ಟು ಸಾಗುವಳಿ ವೆಚ್ಚದ ಮೇಲೆ. ಉರಿಸಿದ ಅನಿಲದ ಮೇಲಲ್ಲ. ಹೀಗಾಗಿ ಹಸಿ ಫಸಲಿನವನಿಗೂ ಒಣ ಫಸಲಿನವನಿಗೂ ಅಳತೆ ಒಂದೇ ಆಯಿತು. ಈ ಏರ್ಪಾಡನ್ನು ನ್ಯಾಯವೆನ್ನುವುದು ಕಷ್ಟ.

ಪ್ರಾಂತ ಸರ್ಕಾರದವರು ನ್ಯಾಯಾಲಯಕ್ಕೆ ಹೋದರು. 2021ರ ಮಾರ್ಚಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಕಾನೂನನ್ನು ಎತ್ತಿಹಿಡಿಯಿತು. 2023ರ ಅಕ್ಟೋಬರಿನಲ್ಲಿ ಮನೆ ಕಾಯಿಸುವ ಎಣ್ಣೆಗೆ ಮೂರು ವರ್ಷಗಳ ವಿನಾಯಿತಿ ಪ್ರಕಟವಾದಾಗ ಅಸಮಾಧಾನವು ಮತ್ತಷ್ಟು ಹೆಚ್ಚಿತು. ಆ ಎಣ್ಣೆಯ ಬಳಕೆ ಅಟ್ಲಾಂಟಿಕ್ ತೀರದ ಪ್ರಾಂತಗಳಲ್ಲಿ ಹೆಚ್ಚು, ಸಸ್ಕಾಚೆವಾನಿನ ಮನೆಗಳಲ್ಲಿ ಉರಿಯುವುದು ಅನಿಲ. 2024ರ ಜನವರಿಯಿಂದ ಪ್ರಾಂತದವರು ಮನೆಯ ಅನಿಲದ ಮೇಲೆ ಈ ತೆರಿಗೆ ವಸೂಲು ಮಾಡುವುದನ್ನೇ ನಿಲ್ಲಿಸಿದರು. ಕಾಳು ಒಣಗಿಸುವ ಅನಿಲವನ್ನು ಬಿಡಬೇಕೆಂಬ ಮಸೂದೆಯು 2023ರಲ್ಲಿ ಕೆಳಮನೆಯಲ್ಲಿ ಅಂಗೀಕೃತವಾದರೂ ಮೇಲ್ಮನೆಯ ತಿದ್ದುಪಡಿಗಳಲ್ಲಿ ಸಿಕ್ಕಿ ಕಾನೂನಾಗಲಿಲ್ಲ.

2025ರ ಏಪ್ರಿಲ್ 1ರಂದು ಇಂಧನದ ಮೇಲಿನ ಈ ತೆರಿಗೆಯೇ ನಿಂತಿತು. ಆ ವೇಳೆಗೆ ರೈತರು ಆರು ಸುಗ್ಗಿಗಳನ್ನು ತೆರಿಗೆ ತೆತ್ತು ಒಣಗಿಸಿದ್ದರು.